ಗಾಳಿಗೆ ಬಗ್ಗಿದ ಅಳಿಯ

ಗಾಳಿಗೆ ಕಣ್ಣಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹರಿಹರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ದಾವಣಗೆರೆಯಿಂದ ದಿನಾ ಸೈಕಲ್ಲು. ಬೆಳಿಗ್ಗೆ ಗಾಳಿ ನನ್ನನ್ನೇ ಹುಡುಕಿಕೊಂಡು ಬಂದು ಎದೆಗೆ ಗುದ್ದುತ್ತಿತ್ತು. ಹೋಗಲಿ, ಸಂಜೆ ಮರಳುವಾಗಲಾದರೂ ಬೆನ್ನಿಗೆ ಕೈಕೊಟ್ಟು ತಳ್ಳಬೇಡವೇ? ಊಹೂಂ. ಅಷ್ಟು ಹೊತ್ತಿಗೆ ಅದರ ಡ್ಯೂಟಿ ಮುಗಿದಿರುತ್ತಿತ್ತು. ಆಷಾಢದಲ್ಲಂತೂ ನಾನು ಏದುಸಿರು ಬಿಡುತ್ತಾ ತುಳಿಯುತ್ತಿದ್ದರೆ, ಎಮ್ಮೆಗಳು ಆರಾಮಾಗಿ ನನ್ನನ್ನು ದಾಟಿ ಹೋಗುತ್ತಿದ್ದವು.

ಹೀಗಿರುವಾಗ ಕ್ಷೌರದಂಗಡಿಯ ಹಳೇ ಪತ್ರಿಕೆಯೊಂದರಲ್ಲಿ ರೇಸ್ ಸೈಕಲ್ಲಿನವನ ಫೋಟೊ ಕಂಡೆ. ಬೆನ್ನು ಊಟದ ಮಣೆಯಂತೆ ಚಪ್ಪಟೆ, ಗಲ್ಲ ಹ್ಯಾಂಡಲ್ಲಿಗೆ ತಾಗುವಷ್ಟು ಕೆಳಗೆ. ಗಾಳಿ ಅವನ ಮೇಲಿಂದಲೇ ಹೋಗಬೇಕು! ನೆಟ್ಟಗೆ ಸೈಕಲ್ ಶಾಪಿನ ಇಮಾಮಸಾಬರ ಹತ್ತಿರ ಹೋಗಿ, ಹ್ಯಾಂಡಲ್ ಉಲ್ಟಾ ಮಾಡಿ, ಸೀಟು ಏರಿಸಿ ಎಂದೆ. ಅವರು ನನ್ನ ಹೊಟ್ಟೆಯನ್ನೊಮ್ಮೆ, ಸೈಕಲ್ಲನ್ನೊಮ್ಮೆ ನೋಡಿದರು. "ಮಾಡ್ತೀನ್ರಿ ಸಾರ್, ನಂದೇನ್ ಹೋಗ್ತೈತೆ? ಆದ್ರೆ ಇದು ಬಗ್ಗೋ ವಯಸ್ಸಿನೋರಿಗೆ. ನಿಮಗ್ಯಾಕ ಬೇಕ್ರಿ?" ನನಗಾಗ ಬರೀ ಮೂವತ್ತೆರಡು. ಸಿಟ್ಟು ಬಂತು. "ಗಟ್ಟಿಯಾಗಿ ಟೈಟ್ ಮಾಡ್ರಿ" ಎಂದೆ.

ಬಗ್ಗಿದೆ. ಹೊಟ್ಟೆ ತೊಡೆಗೆ ಬಡಿಯಿತು. ಮೊಣಕಾಲು ಹೊರಕ್ಕೆ ತಿರುಗಿಸಿದರೆ ಹ್ಯಾಂಡಲ್ಲಿಗೆ ನೇತುಹಾಕಿದ್ದ ಊಟದ ಡಬ್ಬಿಗೆ ಬಡಿಯಿತು. ಕತ್ತು ಎತ್ತಿದರೆ ನೋವು, ಎತ್ತದಿದ್ದರೆ ಕಾಣುವುದು ಮುಂದಿನ ಚಕ್ರವೊಂದೇ. ಸೀಟನ್ನು ಒಂದು ಬೆರಳು ಇಳಿಸಿ, ಎರಡು ಬೆರಳು ಏರಿಸಿ, ವಾರಗಟ್ಟಲೆ ಒದ್ದಾಡಿದ ಮೇಲೆ ಒಂದು ಬೆಳಿಗ್ಗೆ ಎಲ್ಲ ಕೂಡಿಬಂತು ನೋಡಿ! ಸೈರನ್ನಿಗೆ ಇಪ್ಪತ್ತು ನಿಮಿಷ ಮೊದಲೇ ಗೇಟಿನೊಳಗಿದ್ದೆ. ಗೇಟಿನ ಹತ್ತಿರ ಯಾರೋ ಕೂಗಿದಂತಾಗಿತ್ತು. ಮೆಚ್ಚಿ ಕೂಗಿರಬೇಕೆಂದು ಇನ್ನಷ್ಟು ಬಗ್ಗಿದ್ದೆ.

ಕೂಗಿದ್ದು ನನ್ನ ಮಾವ. ಹೆಂಡತಿ ಬಾಣಂತನಕ್ಕೆ ಭಾನುವಳ್ಳಿಯ ತವರಿನಲ್ಲಿದ್ದಳು. ತಾಯಿ ಮಗುವನ್ನು ಕಳಿಸುವ ದಿನ ಗೊತ್ತುಮಾಡಲು ಮಾವ ಬಸ್ಸಿನಲ್ಲಿ ಬಂದು, ಕಾರ್ಖಾನೆ ಎದುರಿನ ಚಹಾದಂಗಡಿ ಮುಂದೆ ನಿಂತು ಟವೆಲ್ ಬೀಸಿದ್ದರು. ಮೂರನೇ ದಿನ ಹೆಂಡತಿಯ ಕಾಗದ ಬಂತು. "ಅಪ್ಪ ಕೂಗಿದರೂ ತಲೆ ತಗ್ಗಿಸಿ, ಮುಖ ತಪ್ಪಿಸಿಕೊಂಡು ಹೋದಿರಂತೆ. ಹೆಣ್ಣು ಹುಟ್ಟಿತು ಅಂತ ಬೇಸರವೇ? ಹಾಗಿದ್ದರೆ ಹೇಳಿಬಿಡಿ, ನಾವು ಇಲ್ಲೇ ಇರುತ್ತೇವೆ." ಆ ಮಗಳಿಗೆಂದು ತೊಟ್ಟಿಲು ತಂದು, ದಿನಾ ಅದರ ಧೂಳು ಒರೆಸಿಯೇ ಕೆಲಸಕ್ಕೆ ಹೊರಡುತ್ತಿದ್ದವನು ನಾನು!

ಭಾನುವಾರ ಅದೇ ಸೈಕಲ್ಲಿನಲ್ಲಿ, ಅದೇ ಭಂಗಿಯಲ್ಲಿ, ಎಲ್ಲೂ ನಿಲ್ಲದೆ ಭಾನುವಳ್ಳಿಗೆ ತುಳಿದೆ. ಅಂಗಳದಲ್ಲಿ ಇಳಿದರೆ ಬೆನ್ನು ನೆಟ್ಟಗಾಗಲೊಲ್ಲದು. ಸೊಂಟ ಹಿಡಿದುಕೊಂಡುಬಿಟ್ಟಿತ್ತು. ಕಟ್ಟೆಯ ಮೇಲಿದ್ದ ಮಾವ ಮುಖ ತಿರುಗಿಸಿದರು. ಬಗ್ಗಿಕೊಂಡೇ ಹೋಗಿ ಅವರ ಕಾಲ ಮುಂದೆ ನಿಂತೆ. ನಮಸ್ಕಾರಕ್ಕೆ ಬಗ್ಗಿದ್ದೇನೆಂದೇ ಅವರು ತಿಳಿದರು. "ಆತು ಬಿಡ್ರಿ, ಏಳ್ರಿ" ಎಂದರು. ಏಳಲಿಲ್ಲ. "ಏಳ್ರಿ ಅಳಿಯಂದ್ರೇ, ತಪ್ಪು ಯಾರು ಮಾಡಲ್ಲ?" ಅಲುಗಲೂ ಇಲ್ಲ. ನೋವಿಗೆ ನನ್ನ ಕಣ್ಣಲ್ಲಿ ನೀರು ಇಳಿಯಿತು. ಮಾವ ಗಾಬರಿಯಾಗಿ ನನ್ನ ಭುಜ ಹಿಡಿದುಕೊಂಡರು. "ಏ ಮಗಳೇ, ಹೊರಗ ಬಾ! ಇಂಥ ಮರ್ಯಾದಸ್ಥನ್ನ ಸುಮ್‌ಸುಮ್ನೆ ಬೈದ್ನಲ್ಲ" ಎಂದು ತಾವೂ ಕಣ್ಣೊರೆಸಿಕೊಂಡರು.

ಹೊರಗೆ ಬಂದ ಹೆಂಡತಿ ನನ್ನನ್ನೂ ಉಲ್ಟಾ ಹ್ಯಾಂಡಲ್ಲನ್ನೂ ನೋಡಿ ಎಲ್ಲ ತಿಳಿದುಕೊಂಡಳು, ಅಪ್ಪನೆದುರು ಬಾಯಿ ಬಿಡಲಿಲ್ಲ. ಒಳಗೆ ಬೋರಲು ಮಲಗಿಸಿ, ಮಗುವಿಗೆ ಹಚ್ಚುವ ಎಣ್ಣೆಯನ್ನೇ ಸೊಂಟಕ್ಕೆ ತಿಕ್ಕಿದಳು. "ಬೇಸರ ಮಗಳ ಮ್ಯಾಲಲ್ಲ, ಗಾಳಿ ಮ್ಯಾಲೆ" ಎಂದೆ. "ಗೊತ್ತಾತು, ಸುಮ್ನಿರ್ರಿ" ಎಂದು ನಕ್ಕಳು. ಹ್ಯಾಂಡಲ್ ಮೊದಲಿನಂತೆ ಮಾಡಿಸುತ್ತೇನೆ ಎಂದರೆ, "ಬ್ಯಾಡ, ಈ ಊರಿಗೆ ಬರೋವಾಗ ಹಂಗೇ ಇರಲಿ" ಎಂದಳು.

ಪಕ್ಕದಲ್ಲಿ ನಾಲ್ಕು ತಿಂಗಳ ಮಗಳು ಬೋರಲು ಬಿದ್ದು, ಬೆನ್ನು ಚಪ್ಪಟೆ ಮಾಡಿ, ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಳು. ಫೋಟೊದವನ ಭಂಗಿಯೇ, ಒಂದಿಷ್ಟೂ ವ್ಯತ್ಯಾಸವಿಲ್ಲ. ಜೊತೆಗೆ ನಗುತ್ತಲೂ ಇದ್ದಳು.