ಹಿಂದಕ್ಕೆ ಸರಿಯದ ಮೋಟಾರು

ಬಾಡಿಗೆಗೆ ತಂದ ವಸ್ತುವಿಗೆ ತಂದವನ ಮೇಲೆ ಒಂದು ತಾತ್ಸಾರ ಇದ್ದೇ ಇರುತ್ತದೆ ಎಂಬುದು ನನ್ನ ಅನುಭವ. ಬಾಡಿಗೆ ಸೈಕಲ್ಲು ನಾಲ್ಕು ಜನ ನೋಡುವ ಜಾಗ ಹುಡುಕಿಯೇ ಚೈನು ಕಳಚಿಕೊಳ್ಳುತ್ತದೆ. ಬಾಡಿಗೆ ಪಾತ್ರೆಗಳು ಅಡಿಗೆಯವನ ಕೈಯಲ್ಲಿ ಸುಮ್ಮನಿದ್ದು, ಬೀಗರು ಉಣ್ಣಲು ಕೂತಾಗ ಮೈಮೇಲೆ ಕೊರೆದ ಒಡೆಯನ ಹೆಸರನ್ನು ಅವರ ಕಡೆಗೇ ತಿರುಗಿಸಿ ತೋರಿಸುತ್ತವೆ. ಇವನ್ನೆಲ್ಲ ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೇನೆ. ಆದರೆ ನನ್ನ ಮದುವೆಗೆಂದು ಬಾಡಿಗೆಗೆ ಬಂದ ಆ ಅರಮನೆಯ ಮೋಟಾರನ್ನು ಮಾತ್ರ ಕ್ಷಮಿಸಲಾರೆ. ಇದನ್ನು ಬರೆಯುವಾಗಲೂ ಸಿಟ್ಟಿನ ಭರದಲ್ಲಿ ಟಾಕಿನ ಮೊನೆ ಎರಡು ಸಲ ಕಾಗದವನ್ನು ತೂತು ಮಾಡಿತು.

ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಜಮಖಂಡಿಯ ಪೇಟೆಯಲ್ಲಿ ಅರಿವೆ ಅಂಗಡಿಯೊಂದರಲ್ಲಿ ಗಜಕಡ್ಡಿ ಹಿಡಿಯುವುದು ನನ್ನ ಕೆಲಸ. ಮಂದಿಯ ದನಿ ತೆಗೆಯುವುದು ನನ್ನ ಚಟ. ನಮ್ಮ ಮಾಲೀಕರು ಗಿರಾಕಿ ಬಂದಾಗ ಎತ್ತುವ ಜೇನಿನಂಥ ದನಿ, ಗಿರಾಕಿ ಬರಿಗೈಯಲ್ಲಿ ಹೋದಾಗ ಇಳಿಸುವ ದನಿ, ಕೋರ್ಟಿನ ಮುಂದೆ ನಿಂತು ಪಕ್ಷಗಾರರ ಹೆಸರು ಕೂಗುವ ಪಟ್ಟೇವಾಲನ ದನಿ, ಎಲ್ಲವೂ ನನ್ನ ಗಂಟಲಲ್ಲಿ ಬಿಟ್ಟಿ ಬಾಡಿಗೆಗಿವೆ. ಅವ್ವ ನನ್ನನ್ನು ಬೈಯಲು ಬಾಯಿ ತೆರೆಯುವ ಮೊದಲೇ ಅವಳ ದನಿಯಲ್ಲಿ ನಾನೇ ನನ್ನನ್ನು ಬೈದುಕೊಂಡು ಅವಳ ಶ್ರಮ ಉಳಿಸುತ್ತಿದ್ದೆ. ಇಷ್ಟು ದನಿಗಳ ಗದ್ದಲದಲ್ಲಿ ನನ್ನದೇ ದನಿ ಯಾವುದೆಂದು ಯಾರೂ ಕೇಳಿರಲಿಲ್ಲ. ಅದಕ್ಕೆ ಅಷ್ಟು ಗಿರಾಕಿಯೂ ಇರಲಿಲ್ಲವೆನ್ನಿ.

ಇಂಥ ನನಗೆ ಬನಹಟ್ಟಿಯ ಒಂದು ನೇಕಾರರ ಮನೆಯಲ್ಲಿ ಹೆಣ್ಣು ಗೊತ್ತಾಯಿತು. ಹೆಣ್ಣು ನೋಡಲು ಹೋದ ದಿನ ಈ ವಾಚಾಳಿಯ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕೇಳಿದ್ದಕ್ಕೆಲ್ಲ ಗೋಣು ಹಾಕಿ, ತಟ್ಟೆಯಲ್ಲಿದ್ದ ಅವಲಕ್ಕಿಯನ್ನು ಮಾತ್ರ ಕೊನೆಯ ಕಾಳಿನವರೆಗೂ ವಿಚಾರಿಸಿಕೊಂಡು ಬಂದೆ. ಆ ಹುಡುಗಿಯ ಕಣ್ಣಲ್ಲಿ ನಾನು ಅವಲಕ್ಕಿ ತಿನ್ನುವ ಒಬ್ಬ ಮೂಕ. ಈ ಚಿತ್ರವನ್ನು ಮದುವೆಯ ದಿನವಾದರೂ ಅಳಿಸಬೇಕೆಂದು ನಾನು ಚಡಪಡಿಸುತ್ತಿರುವಾಗಲೇ ನನ್ನ ಸೋದರಮಾವ ಗುರಪ್ಪ ಮಾಮಾ ಒಂದು ಸುದ್ದಿ ತಂದ. "ಅವರ ಹಿರೇ ಅಳಿಯಾ ಬಿಳೇ ಕುದರಿ ಮ್ಯಾಲ ಬಂದಿದ್ದನಂತ. ನಮ್ಮ ಹುಡುಗ ಏನು ಎಮ್ಮಿ ಮ್ಯಾಲ ಬರಬೇಕೇನು? ಮೋಟಾರದಾಗ ಬರತಾನ. ಅದೂ ಸರಕಾರ ಕುಂತ ಮೋಟಾರದಾಗ!"

ಮಾಮಾನ ಊರು ಒಂದು ಸಣ್ಣ ಸಂಸ್ಥಾನವಾಗಿತ್ತು, ಅಲ್ಲಿಯ ರಾಜರನ್ನೇ ಮಂದಿ ಸರಕಾರ ಎನ್ನುತ್ತಿದ್ದರು. ಹೆಸರು ಹೇಳುವುದಿಲ್ಲ, ನಮ್ಮ ಕಡೆ ಸಂಸ್ಥಾನಗಳಿಗೇನು ಬರವೇ. ನಾನು ಶಾಲೆ ಕಲಿತದ್ದೂ ಅಲ್ಲೇ. ಅಲ್ಲಿಯ ಅರಮನೆಯ ಆಡಳಿತ ನೋಡುತ್ತಿದ್ದ ಕಾರಭಾರಿಗಳು ಬಹುಮಾನ ಹಂಚಲು ನಮ್ಮ ಶಾಲೆಗೆ ಬರುತ್ತಿದ್ದರು. ಅವರ ಗುಡುಗಿನಂಥ ಮರಾಠಿ ಮಾತು, ಅದರ ಜೊತೆಗೊಂದು ಕೆಮ್ಮು, ಇವೆರಡೇ ನನ್ನ ಚಟಕ್ಕೆ ಶ್ರೀಕಾರ ಹಾಕಿದವು. ಮುಂದೆ ಸಂಸ್ಥಾನಗಳು ಕರಗಿ ಮುಂಬಯಿ ಸರಕಾರ ಬಂತು. ಕಾರಭಾರಿಗಳು ಪುಣೆಗೆ ಹೋದರು. ಅರಮನೆಯ ಮೋಟಾರನ್ನು ಒಬ್ಬ ಹತ್ತಿ ವ್ಯಾಪಾರಿ ಕೊಂಡು ಲಗ್ನಗಳಿಗೆ ಬಾಡಿಗೆ ಬಿಡತೊಡಗಿದ. ಮೋಟಾರಿನ ಜೊತೆಗೆ ಅದನ್ನು ನಡೆಸುತ್ತಿದ್ದ ರಾಜೇಸಾಬರೂ ಬಂದರು. ಮುಂಬಯಿ ಸರಕಾರ ಬಂದ ಸುದ್ದಿ ಊರಿಗೆಲ್ಲ ಮುಟ್ಟಿತ್ತು, ಅವರೊಬ್ಬರಿಗೆ ಮುಟ್ಟಿರಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಮೋಟಾರು ನಮ್ಮ ಬಾಗಿಲಿಗೆ ಬಂತು. ಕರ್ರಗೆ, ಉದ್ದಗೆ, ಹಿಂದೆ ಬೆನ್ನಿಗೆ ಸ್ಟೆಪ್ನಿ ಗಾಲಿ ಕಟ್ಟಿಕೊಂಡು. ಓಣಿಯ ಹೆಂಗಸರು ಹೂವಿನ ಮಾಲೆ ತಂದರೆ ರಾಜೇಸಾಬರು ಕೈ ಅಡ್ಡ ಹಿಡಿದರು. "ಹೂವು ಬ್ಯಾಡ್ರಿ. ದೊಡ್ಡ ಸರಕಾರ ತೀರಿಕೊಂಡಾಗಷ್ಟ ಇದಕ್ಕ ಹೂವು ಹಾಕಿದ್ದು." ಹೆಂಗಸರು ಮಾಲೆಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಮಾಮಾ ಮುಂದಿನ ಸೀಟಿಗೆ ಹತ್ತಹೋದ. "ಅದು ಕಾರಭಾರಿ ಸಾಹೇಬ್ರ ಜಾಗಾರಿ, ಹಿಂದ ಕುಂಡ್ರಿ." ಪುಣೆಯಲ್ಲಿರುವ ಕಾರಭಾರಿಗಳು ಮುಂದಿನ ಸೀಟಿನಲ್ಲಿ ಆರಾಮಾಗಿ ಕೂತರು, ಮದುವೆಯ ಖರ್ಚು ಹೊತ್ತ ಮಾಮಾ ಹಿಂದೆ ನನ್ನ ಬಾಶಿಂಗಕ್ಕೆ ಮೂಗು ತಾಗಿಸಿಕೊಂಡು ಕೂತ. ಹೇಳಿ, ಇದು ಬಾಡಿಗೆ ಮೋಟಾರೋ, ನಮಗೆ ಕರುಣೆಯಿಂದ ಕೊಟ್ಟ ದರ್ಶನವೋ?

ಬನಹಟ್ಟಿಯ ಹೊರಗೆ ಹಣಮಪ್ಪನ ಗುಡಿ. ಗಂಡಿನವರು ಅಲ್ಲಿ ನಿಲ್ಲಬೇಕು, ಹೆಣ್ಣಿನವರು ಬಾಜಾ ಬಜಂತ್ರಿಯೊಂದಿಗೆ ಬಂದು ಎದುರುಗೊಳ್ಳಬೇಕು, ಅದು ರೂಢಿ. ಅವರು ಬಂದು ನಿಂತಿದ್ದರು ಕೂಡ. ಸನಾದಿ ಊದುತ್ತಿತ್ತು, ಆರತಿ ಉರಿಯುತ್ತಿತ್ತು. "ರಾಜೇಸಾಬ, ನಿಂದರಸ್ರಿ!" ಎಂದು ಮಾಮಾ ಕೂಗಿದ. ಮೋಟಾರು ಆರತಿಯ ಮುಂದೆಯೇ ಗಂಭೀರವಾಗಿ ಹಾದುಹೋಯಿತು. ನಾನು ಕಿಟಕಿಯಿಂದ ಬೀಗರಿಗೆ ಕೈ ಮುಗಿಯುವಷ್ಟರಲ್ಲಿ ಬೀಗರು ಹಿಂದೆ ಉಳಿದಿದ್ದರು. "ಹಿಂಗ ಒದರಿದ್ರ ನಿಂದರಂಗಿಲ್ರಿ. ಸರಕಾರದಾಗ ಒಂದು ಹರದಾರಿ ಮೊದಲ ಹೇಳತಿದ್ರು," ಎಂದರು ರಾಜೇಸಾಬರು. "ಹಂಗಾರ ಹಿಂದಕ ತಗೋರಿ!" "ಈ ಗಾಡಿ ಹಿಂದಕ ಸರಿಯೂದಿಲ್ರಿ. ಸರಕಾರ ಕುಂತ ಗಾಡಿ, ಹೆಜ್ಜಿ ಹಿಂದಕ ಇಟ್ರ ಅಪಶಕುನ. ಕಾರಭಾರಿ ಸಾಹೇಬ್ರ ಖಾಸ್ ಹುಕುಂ ಇದ್ರಷ್ಟ. ಸುತ್ತ ಹಾಕಿ ಬರೂಣು."

ಸುತ್ತು ಹಾಕಲು ಅವರು ಹೊಕ್ಕದ್ದು ನೇಕಾರರ ಒಂದು ಓಣಿ. ಎರಡೂ ಕಡೆ ಮನೆಗಳ ಕಟ್ಟೆಗಳು ನುಗ್ಗಿ ಬಂದು ಮೋಟಾರಿನ ಪಕ್ಕೆ ತಿವಿಯುವಷ್ಟು ಇಕ್ಕಟ್ಟು. ಅರ್ಧ ಓಣಿ ಹೋಗುವಷ್ಟರಲ್ಲಿ ಎದುರಿಗೆ ನೂಲು! ಮಗ್ಗಕ್ಕೆ ಏರಿಸುವ ಬಿಳಿ ಹಾಸಿನ ಎಳೆಗಳನ್ನು ಓಣಿಯ ಉದ್ದಕ್ಕೆ ಬಿಗಿದು ಕಟ್ಟಿ, ಒಬ್ಬ ಮುದುಕ ಕುಂಚಿಗೆಯಿಂದ ಗಂಜಿ ಸವರುತ್ತಿದ್ದ. ಮಾಮಾ ಕಿಟಕಿಯಿಂದ ತಲೆ ಹಾಕಿ, "ಯಜಮಾನ್ರ, ಮದಿಮಗನ ಗಾಡಿ ಐತ್ರಿ, ಸ್ವಲ್ಪ ಬಿಚ್ಚರಿ," ಎಂದ. ಮುದುಕ ಕುಂಚಿಗೆ ನಿಲ್ಲಿಸಲಿಲ್ಲ. "ಅಲ್ರೀ, ಹಸೇ ಗಂಜಿ. ಈಗ ಬಿಚ್ಚಿದ್ರ ಎಳಿ ಎಳಿ ಅಂಟಿ ಹಗ್ಗ ಆಕ್ಕೈತಿ. ಒಣಗಲಿ, ಬಿಚ್ಚತೀನಿ." "ಅಷ್ಟರಾಗ ಅಕ್ಕಿಕಾಳು ಬೀಳೂ ಮುಹೂರ್ತ ಮೀರತೈತ್ರಿ!" "ಮದಿಮಗಾ ನಡಕೋತ ಬರಲಿ. ಕಾಲು ಅದಾವಿಲ್ಲೋ?"

ಕಾಲೇನೋ ಇದ್ದವು, ಬಾಗಿಲು ತೆರೆಯಬೇಕಲ್ಲ! ಈ ಕಡೆ ತೆರೆದರೆ ಕಟ್ಟೆ, ಆ ಕಡೆ ತೆರೆದರೆ ಕಟ್ಟೆ. ಕಿಟಕಿಯಿಂದ ಇಳಿಯುತ್ತೇನೆ ಎಂದೆ. "ಕಳ್ಳರಂಗ ಕಿಟಕಿಯಿಂದ ಇಳಿದವಗ ಯಾರಲೇ ಹೆಣ್ಣು ಕೊಡತಾರ?" ಎಂದು ಮಾಮಾ ನನ್ನ ಧೋತರ ಹಿಡಿದು ಎಳೆದು ಕೂಡಿಸಿದ. ಹಿಂದಕ್ಕೆ ತೆಗೆದುಕೊಳ್ಳಿರೆಂದು ನನ್ನ ಸ್ವಂತ ದನಿಯಲ್ಲಿ ಬೇಡಿಕೊಂಡೆ. ರಾಜೇಸಾಬರು ಸ್ಟಿಯರಿಂಗ್ ಮೇಲಿನ ಧೂಳನ್ನು ಒರೆಸಿದರು. ಸಿಟ್ಟಿನಿಂದ ಕೂಗಿದೆ. ಕನ್ನಡಿಯನ್ನೂ ಒರೆಸಿದರು. ದೂರದಲ್ಲಿ ಸನಾದಿಯವನ ಉಸಿರು ಕಟ್ಟುತ್ತಿರುವುದು ಕೇಳುತ್ತಿತ್ತು. ಮೂಕನೆಂದು ತಿಳಿದಿದ್ದ ಹುಡುಗಿ ಇನ್ನು ಓಡಿಹೋದವನೆಂದೂ ತಿಳಿಯುತ್ತಾಳೆ!

ಆಗ, ಬಾಶಿಂಗದ ಆಣೆ, ನನಗೆ ಬೇರೆ ದಾರಿ ತೋಚಲಿಲ್ಲ. ಎದೆ ಉಬ್ಬಿಸಿ ಕೆಮ್ಮಿದೆ. ಕೆಮ್ಮಿ, ಕಾರಭಾರಿಗಳ ಆ ಹಳೆಯ ಗುಡುಗಿನ ದನಿಯಲ್ಲಿ, "ರಾಜೇಸಾಬ! ಗಾಡೀ ಮಾಗೇ ಘೇ!" ಎಂದು ಹಿಂದಕ್ಕೆ ತೆಗೆದುಕೊಳ್ಳಲು ಮರಾಠಿಯಲ್ಲಿ ಹುಕುಂ ಮಾಡಿದೆ. ಮಾಮಾ ಬೆಚ್ಚಿ ತಲೆಯ ಪಟಗ ಸರಿಮಾಡಿಕೊಂಡ. ರಾಜೇಸಾಬರ ಬೆನ್ನು ನೆಟ್ಟಗಾಯಿತು. ಮೋಟಾರು ಮಾತ್ರ ಅಲುಗಲಿಲ್ಲ.

"ದನಿ ಖರೆ ಐತ್ರಿ ಮದಿಮಗಾರ," ಎಂದರು ಅವರು, ತಿರುಗಿ ನೋಡದೆ. "ಆದ್ರ ಕೆಮ್ಮು ಮೊದಲ ಬಂತು. ಸಾಹೇಬ್ರು ಹುಕುಂ ಹೇಳಿದ ಮ್ಯಾಲ ಕೆಮ್ಮತಿದ್ರು. ಕೆಮ್ಮು ಬಂತಂದ್ರ ಹುಕುಂ ಮುಗೀತು, ಗಾಡಿ ಬಿಡಬೇಕು. ಅಲ್ಲೀತನಾ ನಾವು ಕಾಯತಿದ್ವಿ."

ನೋಡಿ, ನನ್ನ ಮದುವೆ ಮುರಿಯುವ ಹೊತ್ತಿನಲ್ಲಿ ಈ ಮನುಷ್ಯ ನನ್ನ ಕೆಮ್ಮಿನ ತಪ್ಪು ಹುಡುಕುತ್ತಾನೆ! ಮದುವೆ ಹೋದರೆ ಹೋಗಲಿ, ಶಾಲೆಯಿಂದಲೂ ನಾನು ತೆಗೆಯುತ್ತಿದ್ದ ದನಿ ತಪ್ಪೆಂದರೆ ತಡೆಯುವುದು ಹೇಗೆ? ಹಲ್ಲು ಕಡಿದು ಮತ್ತೊಮ್ಮೆ ಗುಡುಗಿದೆ. ಮುಗಿಸಿ, ಒಂದು ಗಳಿಗೆ ಬಿಟ್ಟು, ಕೆಮ್ಮಿದೆ. "ಜೀ ಸಾಹೇಬ್," ಎಂದು ರಾಜೇಸಾಬರು ಖಾಲಿ ಸೀಟಿಗೆ ಸಲಾಮು ಹೊಡೆದರು. ಮೋಟಾರು ಕಟ್ಟೆಗಳಿಗೆ ಕೂದಲೆಳೆಯಷ್ಟೂ ತಾಗದಂತೆ ಸರ್ರನೆ ಹಿಂದಕ್ಕೆ ಹೊರಟಿತು. ಬಿಡುಗಡೆಯಾಯಿತೆಂದು ನಾನು ಉಸಿರು ಬಿಟ್ಟೆ. ಆದರೆ ಹುಕುಮಿನಲ್ಲಿ ನಿಲ್ಲಿಸು ಎಂದು ಇರಲಿಲ್ಲ, ತಿರುಗಿಸು ಎಂದೂ ಇರಲಿಲ್ಲ. ಓಣಿ ದಾಟಿದರೂ ಹಿಂದಕ್ಕೆ, ರಸ್ತೆಗೆ ಬಂದರೂ ಹಿಂದಕ್ಕೆ! ಗಾಬರಿಯಿಂದ ಅದೇ ದನಿಯಲ್ಲಿ ಇನ್ನೊಂದು ಹುಕುಂ, ಇನ್ನೊಂದು ಕೆಮ್ಮು ಖರ್ಚು ಮಾಡಿದ ಮೇಲೆಯೇ ಮೋಟಾರು ಗುಡಿಯ ಮುಂದೆ ನಿಂತದ್ದು, ಬೀಗರಿಗೆ ಬೆನ್ನು ತೋರಿಸಿಕೊಂಡು. ಆರತಿ ಹಿಡಿದು ಸೋತುಹೋಗಿದ್ದ ಹೆಣ್ಣಿನ ಸೋದರತ್ತೆ, ಮೋಟಾರಿನಲ್ಲಿ ಬಂದವರನ್ನು ಎದುರುಗೊಳ್ಳುವ ರೀತಿಯೇ ಇದಿರಬೇಕೆಂದು ತಿಳಿದು, ಮೊದಲು ಕೈಗೆ ಸಿಕ್ಕ ಸ್ಟೆಪ್ನಿ ಗಾಲಿಗೆ ಕುಂಕುಮ ಹಚ್ಚಿ, ನೀರು ನಿವಾಳಿಸಿ, ಆರತಿ ಎತ್ತಿಬಿಟ್ಟಳು. ನನ್ನ ಪಾಲಿಗೆ ಉಳಿದದ್ದು ಅರ್ಧ ಆರಿದ ದೀಪ. ಆಗ ಯಾವನೋ ಒಬ್ಬ ನಕ್ಕ. ಆ ನಗು ಈಗಲೂ ನನ್ನ ಗಂಟಲಲ್ಲಿದೆ. ಬೇಕಾದರೆ ತೆಗೆದು ತೋರಿಸುತ್ತೇನೆ.

ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು. ಮರುದಿನ ಹೊರಡುವಾಗ ನಾನು ಆ ಮೋಟಾರನ್ನು ಮೂಸಿಯೂ ನೋಡಲಿಲ್ಲ, ಎತ್ತಿನ ಚಕ್ಕಡಿಯಲ್ಲಿ ಬಂದೆವು. ದಾರಿಯಲ್ಲಿ ಹೆಂಡತಿಯ ಮುಂದೆ ಮೊದಲ ಸಲ ಬಾಯಿ ಬಿಟ್ಟು, ಈ ಅನ್ಯಾಯವನ್ನೆಲ್ಲ ಹೇಳಿಕೊಂಡೆ: ಮಾಮಾನ ದನಿಯಲ್ಲಿ, ಮುದುಕನ ದನಿಯಲ್ಲಿ, ರಾಜೇಸಾಬರ ದನಿಯಲ್ಲಿ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಮೂಕನಲ್ಲವೆಂಬುದು ಸಾಬೀತಾಯಿತೆಂದು ಬೀಗಿದೆ. ಅಷ್ಟರಲ್ಲಿ ಅವಳು, "ಇವೆಲ್ಲಾ ಮಂದಿ ದನಿ ಆತಲ್ರಿ. ನಿಮ್ಮ ದನಿ ಹೆಂಗೈತಿ? ಅದರಾಗ ಒಂದು ಮಾತು ಹೇಳ್ರಲಾ," ಎಂದಳು.

ಇದೇನು ಮಹಾ ಕೆಲಸ? ಚಕ್ಕಡಿಯಲ್ಲಿ ನೆಟ್ಟಗೆ ಕೂತು, ಯಾರ ದನಿಯನ್ನೂ ಸೇರಿಸದೆ, ಮೆಲ್ಲಗೆ ಅವಳ ಹೆಸರು ಹಿಡಿದು ಕರೆದೆ. ಅವಳು ತಲೆ ತಗ್ಗಿಸಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಬೇಕಾದಷ್ಟಿತ್ತು.

ಕರೆದ ಮೇಲೆ, ಒಂದು ಗಳಿಗೆ ಬಿಟ್ಟು, ಕೆಮ್ಮಿದೆ.