ಸಾರಂಗಿ ಕೇಳಿದ ಮೂರು ದಿನ

ಶಾಂತವಾಗಿರುವುದು ಎಷ್ಟು ತಾಪತ್ರಯದ ಕೆಲಸ ಎಂಬುದು ಶಾಂತವಾಗಿರಲು ಹೊರಟವರಿಗೇ ಗೊತ್ತು. ಸಿಟ್ಟು ಮಾಡುವವನಿಗೆ ಯಾವ ಸಾಮಗ್ರಿಯೂ ಬೇಡ, ನಿಂತಲ್ಲೇ ಮಾಡಬಹುದು. ಶಾಂತಿಗೆ ಮಾತ್ರ ಚಾಪೆ ಬೇಕು, ಊದುಬತ್ತಿ ಬೇಕು, ಗೊತ್ತಾದ ಹೊತ್ತು ಬೇಕು, ಸಾಧ್ಯವಾದರೆ ಮನೆಮಂದಿ ಊರಲ್ಲಿ ಇರಬಾರದು. ಈ ಮಾತನ್ನು ನಾನು ಕೇಳಿ ಹೇಳುತ್ತಿಲ್ಲ, ಮೂರು ದಿನ ಶಾಂತವಾಗಿದ್ದು ನೋಡಿ ಹೇಳುತ್ತಿದ್ದೇನೆ.

ನಾನು ಸಿಂಧನೂರಿನಲ್ಲಿ ಒಂದು ಕಾಲುವೆ ಕಚೇರಿಯ ಗುಮಾಸ್ತ. ನೀರು ಬಿಡುವ ಅಧಿಕಾರ ನನಗಿಲ್ಲ, ಬೈಸಿಕೊಳ್ಳುವ ಅಧಿಕಾರವಷ್ಟೇ ಇದೆ. ಭತ್ತದ ಹಂಗಾಮಿನಲ್ಲಿ ಕಾಲುವೆಯ ಕೊನೆಭಾಗದ ರೈತರು ಬೆಳಗಿನ ಬಸ್ಸಿಗೇ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. ಮೇಲಿನವರು ನೀರು ಕಟ್ಟಿಕೊಂಡದ್ದಕ್ಕೆ ಕೆಳಗಿನವರು ನನ್ನನ್ನು ವಿಚಾರಿಸಿಕೊಳ್ಳುತ್ತಾರೆ. ಅವರು ಒದರುತ್ತಾರೆ, ನಾನೂ ಒದರುತ್ತೇನೆ, ಕಡೆಗೆ ದೂರನ್ನು ವಹಿಯಲ್ಲಿ ಬರೆದುಕೊಳ್ಳುತ್ತೇನೆ. ಹಾಗೆ ಬರೆದ ಮೇಲೆಯೇ ತೂಬು ನೋಡಿಕೊಳ್ಳುವ ಸೌಡಿ ತನ್ನ ಬೈಕ್ ಹತ್ತುವುದು. ವಹಿ ಖಾಲಿ ಇದ್ದರೆ ಎಲ್ಲರ ಗದ್ದೆಗೂ ನೀರು ಮುಟ್ಟಿದೆ ಎಂದೇ ಲೆಕ್ಕ.

ಈ ಸಲದ ಹಂಗಾಮಿನಲ್ಲಿ ಹೆಂಡತಿ ಗಿರಿಜಾಳನ್ನು ಲಿಂಗಸುಗೂರಿನ ತವರಿಗೆ ಬಿಟ್ಟುಬರಲು ಹೋದಾಗ, ಅಳಿಯನಿಗೆ ಏನಾದರೂ ಉಪಚಾರ ಮಾಡಬೇಕಲ್ಲ ಎಂದು ಭಾವಮೈದುನ ನನ್ನನ್ನು ಡಾಕ್ಟರ ಬಳಿ ಕರೆದೊಯ್ದ. ಅವರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ಮುಳ್ಳನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಮುಳ್ಳನ್ನು ನೋಡಿದರು. ಗುಳಿಗೆಯ ಜೊತೆಗೆ ದಿನಾ ಅರ್ಧ ಗಂಟೆ ನಿಧಾನದ ಶಾಸ್ತ್ರೀಯ ಸಂಗೀತವನ್ನು ಕಣ್ಣು ಮುಚ್ಚಿಕೊಂಡು ಕೇಳಬೇಕೆಂದರು. ನನಗೂ ಶಾಸ್ತ್ರೀಯ ಸಂಗೀತಕ್ಕೂ ಅದುವರೆಗಿದ್ದ ಸಂಬಂಧವೆಂದರೆ, ಯಾವುದೋ ಸಂಗೀತ ಕಛೇರಿಯಲ್ಲಿ ಗವಾಯಿಗಳು ಹಾಡು ಮುಗಿಸಿದರೆಂದು ಒಬ್ಬನೇ ಚಪ್ಪಾಳೆ ತಟ್ಟಿ, ಅವರಿನ್ನೂ ಆರಂಭಿಸಿಯೇ ಇಲ್ಲವೆಂದು ಆಮೇಲೆ ತಿಳಿದದ್ದು. ಭಾವಮೈದುನ ನನ್ನ ಫೋನಿಗೆ ಸಾರಂಗಿಯ ಆಲಾಪ ಹಾಕಿ, ಅಂಗೈಯಗಲದ ಸ್ಪೀಕರ್ ಒಂದನ್ನೂ ಕೊಟ್ಟ. ಗಿರಿಜಾ ಎರಡು ನಿಮಿಷ ಕೇಳಿ, ಯಾರೋ ಅಳುತ್ತಿರುವ ಹಾಗಿದೆ ಎಂದಳು. ಇವಳಿಗೆ ಸಂಸ್ಕಾರ ಸಾಲದು ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಅದು ಅವಳ ತವರುಮನೆ.

ವಾಪಸು ಬರುವಾಗ ಬಸ್ಸಿನಲ್ಲೇ ಶುರು ಹಚ್ಚಿಕೊಂಡೆ. ಕಿವಿಗೆ ವೈರು ಸಿಕ್ಕಿಸಿ ಕಣ್ಣು ಮುಚ್ಚಿದವನು ಮಸ್ಕಿಯವರೆಗೂ ತೆರೆಯಲಿಲ್ಲ. ಮಸ್ಕಿಯಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ನಾನು ನಿದ್ದೆಯಲ್ಲಿದ್ದೇನೆಂದು ತಿಳಿದು, ತನ್ನ ಒಣಮೆಣಸಿನಕಾಯಿ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. ನನಗೆ ಸಿಟ್ಟು ಬರಲಿಲ್ಲ, ಸೀನು ಬಂತು. ಸಂಗೀತ ನಾಟುತ್ತಿದೆ ಎಂದು ಅಲ್ಲೇ ಖಾತ್ರಿಯಾಯಿತು.

ಮನೆಯಲ್ಲಿ ಕೇಳಬಹುದಿತ್ತು. ಆದರೆ ಬೆಂಕಿ ಹತ್ತಿದಲ್ಲೇ ನೀರು ಹಾಕಬೇಕು ಎಂಬುದು ನನ್ನ ವಿಚಾರ. ಆದ್ದರಿಂದ ಮರುದಿನ ರೈತರು ಬರುವ ಹೊತ್ತಿಗೆ ಸರಿಯಾಗಿ ಸ್ಪೀಕರನ್ನು ಮೇಜಿನ ಮೇಲಿಟ್ಟು, ಕೈಕಟ್ಟಿ ಕಣ್ಣು ಮುಚ್ಚಿದೆ. ಯಾರೂ ಮಾತಾಡದಂತೆ ನೋಡಿಕೋ ಎಂದು ಜವಾನ ಹನುಮಂತಪ್ಪನಿಗೆ ಹೇಳಿದ್ದೆ. ಅವನು ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ತಲೆಯನ್ನು ನಿಧಾನಕ್ಕೆ ಆ ಕಡೆ ಈ ಕಡೆ ಆಡಿಸುತ್ತಿದ್ದ. ಬೀದಿಯ ತಿರುವಿನಿಂದಲೇ ದನಿ ಕೇಳಿಸುವ ಜವಳಗೇರಾದ ಗೌಡರು ಅಂದು ಹೊಸ್ತಿಲಲ್ಲಿ ತಡೆದು ನಿಂತು, ಹೆಗಲ ಟವೆಲು ತೆಗೆದು ಕೈಯಲ್ಲಿ ಹಿಡಿದು, ಹಾಗೇ ಹೊರಟುಹೋದರು. ವಳಕಮದಿನ್ನಿಯ ಖಾಸಿಂಸಾಬರಂತೂ ಬೈಗುಳದಲ್ಲಿ ಎಲ್ಲರಿಗೂ ಹಿರಿಯರು. ಕನ್ನಡದಲ್ಲಿ ಸಾಲದಿದ್ದರೆ ಉರ್ದುವಿಗೆ ದಾಟುವವರು. ಅರೆಗಣ್ಣಿನಲ್ಲಿ ನೋಡುತ್ತೇನೆ, ಅವರೂ ನನಗೆ ಕೈಮುಗಿದು ಹಿಂದಕ್ಕೆ ಸರಿಯುತ್ತಿದ್ದಾರೆ.

ಮೂರು ದಿನ ಹೀಗೇ ನಡೆಯಿತು. ನಾನು ರಾಗದ ಮಹಿಮೆಗೆ ಬೆರಗಾದೆ. ಒರಟು ಮಂದಿಯನ್ನೂ ನಾದ ಹೇಗೆ ಕರಗಿಸುತ್ತದೆ ಎಂಬುದನ್ನು ಊಟಕ್ಕೆ ಹೋಗುತ್ತಿದ್ದ ಖಾನಾವಳಿಯಲ್ಲಿ ಎದುರು ಕೂತವರಿಗೆಲ್ಲ ವಿವರಿಸಿದೆ. ಗಿರಿಜಾ ಊರಲ್ಲಿಲ್ಲದ್ದರಿಂದ ಗಡ್ಡ ಬೋಳಿಸಲಿಲ್ಲ. ಕಲಾವಿದರ ಕಳೆ ಬಂದಿದೆ ಎಂದು ಕನ್ನಡಿಯಲ್ಲಿ ನೋಡಿ ಸಂತೋಷಪಟ್ಟೆ. ವಹಿಯಲ್ಲಿ ಒಂದೂ ದೂರಿಲ್ಲದ್ದು ಕಂಡು ನಮ್ಮ ಕಚೇರಿಯ ಸಾಹೇಬರು, ಕೊನೆಭಾಗಕ್ಕೆ ನೀರು ಸರಾಗವಾಗಿ ಮುಟ್ಟುತ್ತಿದೆ ಎಂದು ಮೇಲಧಿಕಾರಿಗಳಿಗೆ ಬರೆದರು.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಬಚ್ಚಲಲ್ಲಿದ್ದೆ. ಹಿಂದಿನ ಸಂಜೆಯಷ್ಟೇ ತವರಿನಿಂದ ಬಂದಿದ್ದ ಗಿರಿಜಾ ಬಾಗಿಲು ತೆಗೆದಳು. ಖಾಸಿಂಸಾಬರು ತಲೆಗೆ ಟವೆಲು ಹೊದ್ದು, ಕೈಯಲ್ಲಿ ರೊಟ್ಟಿ, ಪುಂಡಿಪಲ್ಯದ ಗಂಟು ಹಿಡಿದು ನಿಂತಿದ್ದರು.

"ನೀವು ಗುಮಾಸ್ತ ಸಾಹೇಬರ ಅಕ್ಕಾರೇನ್ರಿ? ತಮ್ಮಗ ಒಂದೀಟು ಧೈರ್ಯ ಹೇಳ್ರಿ ತಾಯಿ. ಹೆಂಡ್ತಿ ಸತ್ತ ದುಃಖ, ಮನಶ್ಯಾ ಕಣ್ಣ ತೆರಿಯಾಕತ್ತಿಲ್ಲ."

ತಾನು ಸತ್ತ ಸುದ್ದಿಯನ್ನು ಗಿರಿಜಾ ಹೇಗೋ ತಡೆದುಕೊಂಡಳು. ನನ್ನ ಅಕ್ಕನಾದದ್ದನ್ನು ಮಾತ್ರ ಈವರೆಗೂ ಕ್ಷಮಿಸಿಲ್ಲ. ನಾನು ಮೈಗೆ ಟವೆಲು ಸುತ್ತಿಕೊಂಡು ಓಡಿಬಂದು ಸಂಗತಿ ಕೇಳಿದೆ. ಅವರ ಕಾಲದಲ್ಲಿ ದೊಡ್ಡವರು ಯಾರಾದರೂ ತೀರಿಕೊಂಡರೆ ರೇಡಿಯೋದಲ್ಲಿ ಹಾಡು, ರೈತರ ಕಾರ್ಯಕ್ರಮ ಎಲ್ಲ ನಿಂತು ದಿನವಿಡೀ ಸಾರಂಗಿಯೊಂದೇ ಬರುತ್ತಿತ್ತಂತೆ. ನನ್ನ ಮೇಜಿನ ಮೇಲೆ ಅದೇ ದನಿ ಕೇಳಿದ್ದಾರೆ, ಹನುಮಂತಪ್ಪ ತಲೆಯಾಡಿಸಿದ್ದನ್ನು ನೋಡಿದ್ದಾರೆ, ಗಡ್ಡ ಬಿಟ್ಟುಕೊಂಡು ಖಾನಾವಳಿಯಲ್ಲಿ ಉಣ್ಣುವುದನ್ನು ಗೌಡರು ಕಂಡಿದ್ದಾರೆ. ಇನ್ನೇನು ಬೇಕು?

"ದುಃಖದಾಗ ಇದ್ದವರ ಮುಂದ ನೀರಿನ ಮಾತು ಎತ್ತಬಾರ್ದು ಅಂತ ಮೂರು ದಿನ ತಡದ್ವಿರೀ" ಎಂದರು ಖಾಸಿಂಸಾಬರು.

ನಾನು ತಡವರಿಸುತ್ತ ಡಾಕ್ಟರು, ಮುಳ್ಳು, ಆಲಾಪ ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ಗಿರಿಜಾಳ ಕಡೆ ನೋಡಿ, ಟವೆಲಿನಿಂದ ಕಣ್ಣೊರೆಸಿಕೊಂಡು, ಯಾರೂ ಹೋಗಿಲ್ಲವಲ್ಲ, ಅಷ್ಟು ಸಾಕು, ಅಲ್ಲಾ ದೊಡ್ಡವನು ಎಂದರು. ಆಮೇಲೆ ಗಂಟನ್ನು ಕೆಳಗಿಟ್ಟು ವಿನಯದಿಂದಲೇ ಕೇಳಿದರು.

"ಹಂಗಾರ ಈಗ ಬೈಲೇನ್ರಿ?"

ಬೈರಿ ಎಂದೆ. ಬೈದರು. ಮೂರು ದಿನದ್ದೂ ಸೇರಿಸಿ ಬೈದರು. ಮಧ್ಯೆ ಗಿರಿಜಾ ಅವರಿಗೆ ಚಹ ಕೊಟ್ಟಳು, ಅವರು ಮರೆತ ಒಂದೆರಡು ಅಂಶಗಳನ್ನು ತಾನೇ ನೆನಪಿಸಿದಳು. ಮುಗಿದ ಮೇಲೆ ಮೈ ಹಗುರಾಯಿತು ನೋಡ್ರಿ ಎಂದು ಹೇಳಿ, ರೊಟ್ಟಿ ಬಿಸಿ ಇದ್ದಾಗಲೇ ಉಣ್ಣಿರಿ ಎಂದು ಎಚ್ಚರಿಸಿ ಹೋದರು. ನಾನು ಉಣ್ಣದೆ ಕಚೇರಿಗೆ ಓಡಿ ದೂರು ಬರೆದೆ. ಸೌಡಿ ಹೋಗಿ ಮೇಲಿನವರ ತೂಬುಗಳನ್ನು ಮುಚ್ಚಿದ. ಮರುದಿನ ಸಂಜೆ ವಳಕಮದಿನ್ನಿಗೆ ನೀರು ಮುಟ್ಟಿತು. ಬಂದು ಹೇಳಿದ ಸೌಡಿಯೇ ಇನ್ನೊಂದು ಮಾತೂ ಹೇಳಿದ. ಖಾಸಿಂಸಾಬರ ಗದ್ದೆಯಲ್ಲಿ ಬದುವಿನ ಕಡೆಯ ಸಸಿಗಳು ಆ ಮೂರು ದಿನಗಳಲ್ಲಿ ಕೆಂಪಗೆ ಒಣಗಿದ್ದವಂತೆ. ಅಷ್ಟೆಲ್ಲ ಬೈದವರು ಅದೊಂದನ್ನು ನನ್ನೆದುರು ಆಡಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಈಗ ಕಚೇರಿಯಲ್ಲಿ ಮೊದಲಿನ ಗದ್ದಲವೇ ಇದೆ. ಮೊನ್ನೆ ಸಾಹೇಬರು ತುಂಬಿದ ವಹಿಯನ್ನು ತಿರುವಿ ಹಾಕುತ್ತ, ನಡುವೆ ಮೂರು ದಿನ ನೀರು ಎಷ್ಟು ಚೆನ್ನಾಗಿ ಮುಟ್ಟುತ್ತಿತ್ತಲ್ಲ, ಆಮೇಲೆ ಏನಾಯಿತು ಎಂದು ಕೇಳಿದರು. ನಾನು ಎಚ್ಚರಾದೆ ಸರ್ ಎಂದೆ. ಅವರಿಗೆ ತಿಳಿಯಲಿಲ್ಲ. ಬಿಡಿಸಿ ಹೇಳುವ ಧೈರ್ಯ ನನಗೂ ಬರಲಿಲ್ಲ.