ಹಪ್ಪಳ ಒಣಗಿಸಲೊಂದು ಬಂಗಲೆ

ನಮ್ಮ ಭಾವನಿಗೆ ಈ ಭೂಮಿಯ ಮೇಲೆ ಇದ್ದ ಶತ್ರು ಒಬ್ಬನೇ. ಅವನ ಹೆಸರು ತೇವ. ಅಂಥ ಮನುಷ್ಯ ಸಂಸಾರ ಹೂಡಿದ್ದು ಎಲ್ಲಿ ಅನ್ನುತ್ತೀರಿ? ಸಿಂಗಪುರದಲ್ಲಿ! ಬೆಳಿಗ್ಗೆ ಒಗೆದ ಬನಿಯನ್ ಸಂಜೆಗೂ ಒದ್ದೆಯಾಗಿಯೇ ಇರುವ, ಡಬ್ಬಿಯ ಉಪ್ಪು ಕಲ್ಲಾಗುವ, ಮಧ್ಯಾಹ್ನವಾದರೆ ಹೇಳದೆ ಕೇಳದೆ ಮಳೆ ಸುರಿಯುವ ಊರಿನಲ್ಲಿ. ಸಾಲದ್ದಕ್ಕೆ ಅವರು ಹುಟ್ಟಿದ್ದು ಉಡುಪಿಯ ಕಡಲ ಪಕ್ಕ, ಅನ್ನ ತಿನ್ನುತ್ತಿದ್ದದ್ದು ನೀರಿನ ಪಂಪು ಮಾರಿ. ನೀರಿನಿಂದಲೇ ಬದುಕಿ ನೀರಿನ ಮೇಲೆ ಇಷ್ಟು ಹಗೆ ಸಾಧಿಸಿದವರನ್ನು ನಾನು ಬೇರೆ ಕಂಡಿಲ್ಲ.

ಈ ಯುದ್ಧಕ್ಕೆ ಒಂದು ಕಾರಣವಿತ್ತು. ನನ್ನ ಅಕ್ಕ ಮೈಸೂರಿನ ಒಣ ಹವೆಯಲ್ಲಿ ಬೆಳೆದವಳು. ಮದುವೆಯಾಗಿ ಸಿಂಗಪುರಕ್ಕೆ ಬಂದ ಕೆಲವು ವರ್ಷಗಳಲ್ಲಿ ಅವಳಿಗೆ ಉಬ್ಬಸ ಹತ್ತಿಕೊಂಡಿತು. ಈ ತೇವದ ಗಾಳಿ ಇವರಿಗೆ ಆಗಿಬರುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಆವತ್ತೇ ಭಾವ ಕಚ್ಚೆ ಕಟ್ಟಿದರು. ಆಮೇಲೆ ಯುದ್ಧ ಎಷ್ಟು ಜೋರಾಯಿತೆಂದರೆ, ಅದು ಯಾಕೆ ಶುರುವಾಯಿತೆಂಬುದನ್ನು ನಾವೆಲ್ಲ ಮರೆತು ಬರೀ ತಮಾಷೆ ನೋಡತೊಡಗಿದೆವು.

ತಮಾಷೆಗೇನು ಬರ! ಪಂಪಿನ ಪೆಟ್ಟಿಗೆಗಳಲ್ಲಿ ತೇವ ಹೀರಲು ಸಣ್ಣ ಬಿಳಿ ಚೀಟಿಯಂಥ ಚೀಲ ಇಟ್ಟಿರುತ್ತಾರಲ್ಲ, ಕಾಕಿ ಬುಕಿತ್‌ನ ತಮ್ಮ ಗೋಡೌನಿನಿಂದ ಅವನ್ನು ಭಾವ ಜೇಬು ತುಂಬ ತರುತ್ತಿದ್ದರು. ಅಕ್ಕನ ಸೀರೆಯ ಮಡಿಕೆಯಲ್ಲಿ, ದಿಂಬಿನ ಚೀಲದಲ್ಲಿ, ಟೀವಿಯ ಹಿಂದೆ, ದೇವರ ಪೀಠದ ಕೆಳಗೆ, ಎಲ್ಲೆಲ್ಲೂ ಅವೇ. ಒಮ್ಮೆ ಊಟಕ್ಕೆ ಬಂದಿದ್ದ ಅಂಕಲ್ ಒಬ್ಬರು ಅದನ್ನು ಸಕ್ಕರೆ ಪೊಟ್ಟಣವೆಂದು ಹರಿದು ಕಾಫಿಗೆ ಸುರಿಯುವುದರಲ್ಲಿದ್ದರು. ಭಾವ ಓಡಿಬಂದು ಕೈಹಿಡಿದು ತಡೆದರು. ಅತಿಥಿಯ ಜೀವ ಉಳಿಸಲೆಂದು ನಾವು ಅಂದುಕೊಂಡೆವು. ಹರಿದರೆ ಅದು ಕೆಲಸಕ್ಕೆ ಬರುವುದಿಲ್ಲ ಎಂದು ಭಾವ ವಿವರಿಸಿದರು.

ಹಲಸಿನ ಹಪ್ಪಳದ ಕಥೆ ಬೇರೆಯೇ. ಉಡುಪಿಯವರ ಮನೆಯಲ್ಲಿ ಹಪ್ಪಳವಿಲ್ಲದೆ ನಡೆಯುವುದುಂಟೇ? ನಾವೆಲ್ಲ ಇದ್ದ ಚೋವಾ ಚು ಕಾಂಗ್‌ನ ಫ್ಲ್ಯಾಟುಗಳ ಬ್ಲಾಕಿನ ಪಕ್ಕ ಬಹುಮಹಡಿ ಕಾರ್ ಪಾರ್ಕ್ ಇತ್ತು. ಅದರ ತುತ್ತತುದಿಯಲ್ಲಿ, ಕಾರಿನ ಬಾನೆಟ್ಟಿನ ಮೇಲೆ ಹಳೆಯ ಪಂಚೆ ಹಾಸಿ, ಭಾವ ಭಾನುವಾರ ಹಪ್ಪಳ ಹರವಿ ಕಾವಲು ಕೂರುತ್ತಿದ್ದರು. ಕೆಳಮನೆಯ ಚೀನೀ ಆಂಟಿ ಬಟ್ಟೆ ಒಣಹಾಕಿದ ಬಿದಿರುಗಳನ್ನು ಕಿಟಕಿಯಿಂದ ಒಳಗೆಳೆಯುತ್ತಾ "ಅಂಕಲ್, ರೇನ್ ಕಮಿಂಗ್ ಲಾ" ಎಂದು ಕೂಗಿದರೆ ಸಾಕು, ಒಬ್ಬ ಗೌರವಸ್ಥ ಉದ್ಯಮಿ ಪಂಚೆಯನ್ನು ಗಂಟು ಕಟ್ಟಿ ಎದೆಗವಚಿಕೊಂಡು ಓಡುವ ದೃಶ್ಯ ಇಡೀ ಬ್ಲಾಕಿಗೆ ದರ್ಶನವಾಗುತ್ತಿತ್ತು.

ಆಗ ತೊಂಬತ್ತರ ದಶಕದ ನಡುವಿನ ವರ್ಷಗಳು. ಊರಿಗೆ ಊರೇ ಕಾಂಡೊ, ಅಂದರೆ ಈಜುಕೊಳವಿರುವ ದುಬಾರಿ ಖಾಸಗಿ ಫ್ಲ್ಯಾಟಿನ, ಹುಚ್ಚು ಹಿಡಿಸಿಕೊಂಡಿತ್ತು. ಭಾವನ ವ್ಯಾಪಾರವೂ ಚೆನ್ನಾಗಿ ನಡೆದು, ಟುವಾಸ್‌ನಲ್ಲಿ ಎರಡನೆಯ ವರ್ಕ್‌ಶಾಪ್ ತೆರೆದಿದ್ದರು. ಗೆಳೆಯರೆಲ್ಲ ಸಮುದ್ರ ಕಾಣುವ ಕಾಂಡೊ ಬುಕ್ ಮಾಡುವಾಗ ಭಾವನೂ ಮನೆ ನೋಡಲು ಹೊರಟರು. ಆದರೆ ಹೇಗೆ? ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಒಂದು ಕರಿದ ಹಪ್ಪಳದೊಂದಿಗೆ!

ಮಾದರಿ ಮನೆಯೊಳಗೆ ಕಾಲಿಟ್ಟೊಡನೆ ಏಸಿ ಆರಿಸಿ, ಕಿಟಕಿ ತೆರೆಸಿ, ಊಟದ ಮೇಜಿನ ಮೇಲೆ ಹಪ್ಪಳ ಇಡುವುದು. ಸೇಲ್ಸ್ ಹುಡುಗಿ ಬೆವರುತ್ತಾ ಈಜುಕೊಳದ ಗುಣಗಾನ ಮಾಡುತ್ತಿದ್ದರೆ ಕಿವಿಗೊಡದೆ ಕಾಯುವುದು. ಒಂದು ಗಂಟೆಯ ಮೇಲೆ ಹಪ್ಪಳವನ್ನು ಕಿವಿಯ ಬಳಿ ಹಿಡಿದು ಮುರಿಯುವುದು. ಕಟಕ್ ಎಂದರೆ ಮನೆ ಪಾಸು. ಯಾವ ಮನೆಯೂ ಪಾಸಾಗಲಿಲ್ಲ. ಈಸ್ಟ್ ಕೋಸ್ಟ್‌ನ ಹದಿನೆಂಟನೆಯ ಮಹಡಿಯಲ್ಲಂತೂ ಹಪ್ಪಳವನ್ನು ಕರವಸ್ತ್ರದ ಹಾಗೆ ಮಡಿಸಿ ಜೇಬಿಗಿಟ್ಟುಕೊಂಡು ಬಂದರು.

ಹೀಗಿರುವಾಗ ಒಂದು ಭಾನುವಾರ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಬಂತು. ಅಮೆರಿಕದ ಅರಿಜೋನಾ ಮರಳುಗಾಡಿನಲ್ಲಿ, ಸುತ್ತ ಗೋಡೆ, ಕಾವಲಿನ ಗೇಟು, ನಡುವೆ ಗಾಲ್ಫ್ ಮೈದಾನವಿರುವ ಐಷಾರಾಮಿ ಬಂಗಲೆಗಳು. ಆರ್ಚರ್ಡ್ ರಸ್ತೆಯ ಹೋಟೆಲೊಂದರಲ್ಲಿ ಪ್ರದರ್ಶನ. ಭಾವ ಒಂದೇ ಸಾಲಿನ ಮೇಲೆ ಬೆರಳಿಟ್ಟಿದ್ದರು: ಅಲ್ಲಿ ಮಳೆ ಬರುವುದೇ ಅಪರೂಪ.

ನಾನೂ ಜೊತೆಗೆ ಹೋದೆ. ನಗೋಣ ಎಂದೇ ಹೋದದ್ದು, ಆದರೆ ಬಾಗಿಲಲ್ಲೇ ನಗುವುದು ಮರೆತುಹೋಯಿತು. ಹಾಲಿನ ನಡುವೆ ಒಂದು ಊರನ್ನೇ ಪುಟ್ಟದಾಗಿ ಕಟ್ಟಿ ದೀಪ ಹಾಕಿಟ್ಟಿದ್ದರು. ಕಣ್ಣು ಹಾಯುವಷ್ಟೂ ಕೆಂಪು ಮರಳು, ಅದರಾಚೆ ನೇರಳೆ ಗುಡ್ಡಗಳು. ಮರಳಿನ ಮಧ್ಯೆ, ಯಾರೋ ಹಸಿರು ರೇಷ್ಮೆ ಸೀರೆ ಹರವಿದ ಹಾಗೆ ಗಾಲ್ಫ್ ಮೈದಾನ. ಅಂಚಿನಲ್ಲಿ ಮಣ್ಣಿನ ಬಣ್ಣದ ಬಂಗಲೆಗಳು, ಕೈಕಾಲು ಚಾಚಿ ನಿಂತ ಕಳ್ಳಿಗಳು, ಕಡಲೆಬೇಳೆಯಷ್ಟು ದೊಡ್ಡ ಮನುಷ್ಯರು. ಇಂಥ ಜಾಗವೂ ಲೋಕದಲ್ಲಿದೆಯೇ, ಅಲ್ಲಿ ಮನುಷ್ಯರು ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಾರೆಯೇ ಎಂದು ಬೆರಗಾಗಿ ನಿಂತುಬಿಟ್ಟೆ. ಭಾವ ನನ್ನ ಪಕ್ಕದಲ್ಲಿ ದೇವಸ್ಥಾನದಲ್ಲಿ ನಿಂತಂತೆ ಕೈಕಟ್ಟಿ ನಿಂತಿದ್ದರು.

ಸೂಟು ತೊಟ್ಟ ಮಾರಾಟಗಾರ ಬಂದು ಮನೆಯಲ್ಲಿ ಗಾಲ್ಫ್ ಆಡುವವರು ಯಾರೆಂದು ಕೇಳಿದ. ಯಾರೂ ಇಲ್ಲ ಎಂದರು ಭಾವ. ಈಜು? ಇಲ್ಲ. ಕುದುರೆ ಸವಾರಿ? ಅಯ್ಯೋ ರಾಮ! ಮತ್ತೇನು ನೋಡುತ್ತೀರಿ ಸಾರ್ ಎಂದಾಗ ಭಾವ ಜೇಬಿನಿಂದ ಹಪ್ಪಳ ತೆಗೆದರು. ನಾನು ಕಳ್ಳಿಗಳನ್ನು ನೋಡುವವಳಂತೆ ಮೆಲ್ಲಗೆ ಮೇಜಿನ ಆಚೆ ಬದಿಗೆ ಸರಿದೆ.

ಪರೀಕ್ಷೆ ಅಲ್ಲಿ ಮಾಡುವುದು ಹೇಗೆ? ಭಾವ ದಾರಿ ಹುಡುಕಿದರು. ಹಸಿ ಹಪ್ಪಳದ ಒಂದು ಕಟ್ಟನ್ನು ಕೊರಿಯರ್‌ನಲ್ಲಿ ಅರಿಜೋನಾದ ಆಫೀಸಿಗೆ ಕಳಿಸಿ, ಒಂದನ್ನು ಕರಿದು ಸಂಜೆಯಿಂದ ಬೆಳಗಿನವರೆಗೆ ಜಗಲಿಯಲ್ಲಿಟ್ಟು, ಮುರಿದು, ಸದ್ದು ತಿಳಿಸಬೇಕೆಂದು ಕೇಳಿಕೊಂಡರು. ಎರಡು ವಾರದ ಮೇಲೆ ಮಾರಾಟಗಾರನೇ ಫೋನ್ ಮಾಡಿದ. ಸದ್ದು ಬಂದೂಕಿನ ಹಾಗೆ ಬಂತಂತೆ. ಉಳಿದವನ್ನು ಆಫೀಸಿನವರು ತಿಂದು ಮುಗಿಸಿದ್ದಾರಂತೆ, ಇನ್ನೊಂದು ಕಟ್ಟು ಕಳಿಸಲು ಸಾಧ್ಯವೇ?

ಅಕ್ಕನಿಗೆ ವಿಷಯ ತಿಳಿದ ದಿನ ನಾನು ಅಲ್ಲೇ ಇದ್ದೆ. "ಏನ್ರೀ, ನಿಮಗೆ ಬುದ್ಧಿಗಿದ್ಧಿ ಕೆಟ್ಟಿದ್ಯಾ? ಸಮುದ್ರದ ಊರಲ್ಲಿ ಹುಟ್ಟಿದೋರು..." ಎಂದು ಶುರು ಮಾಡಿದವಳು ಅಲ್ಲಿಗೆ ನಿಂತಳು. ಕುರ್ಚಿಯ ಬೆನ್ನು ಹಿಡಿದು ಉಸಿರೆಳೆದುಕೊಂಡಳು. ಭಾವ ಕೈಯಲ್ಲಿ ಸೌಟು ಹಿಡಿದು ತಲೆತಗ್ಗಿಸಿ ನಿಂತಿದ್ದರು.

"ನಿಧಾನ. ನಾನು ಎಲ್ಲಿಗೂ ಹೋಗುದಿಲ್ಲ" ಎಂದರು.

"...ಮರಳಲ್ಲಿ ಮನೆ ಮಾಡ್ತೀನಿ ಅಂತೀರಲ್ಲ!" ಎಂದು ಅಕ್ಕ ಮುಗಿಸಿದಳು. ಲೋಕದವರ ಮಾತನ್ನೆಲ್ಲ ಅರ್ಧಕ್ಕೆ ಕತ್ತರಿಸುವ ಭಾವ ಹೆಂಡತಿಯ ಬೈಗುಳವನ್ನು ಮಾತ್ರ ಹೀಗೆ ಪೂರ್ತಿ ಕಾದು ಸ್ವೀಕರಿಸುತ್ತಿದ್ದರು. ಭಯಭಕ್ತಿ ಅಂದರೆ ಇದು ಎಂದು ನಾನು ಒಳಗೊಳಗೇ ನಕ್ಕೆ.

ಕೊನೆಗೆ ಸಹಿ ಹಾಕುವ ದಿನ ಬಂತು. ಕಾಂಡೊಗೆಂದು ಕೂಡಿಟ್ಟಿದ್ದು ಸಾಲದೆ ಭಾವ ಟುವಾಸ್‌ನ ಹೊಸ ವರ್ಕ್‌ಶಾಪನ್ನೂ ಮಾರಿದ್ದರು. ಅಕ್ಕ ಮನೆಯಲ್ಲೇ ಉಳಿದಳು. ಇವರನ್ನು ತಡೆಯುವ ಕೊನೆಯ ಪ್ರಯತ್ನಕ್ಕೆ ನನ್ನನ್ನು ಕಳಿಸಿದ್ದಳು. ಮಾರಾಟಗಾರ ಬಡಾವಣೆಯ ನಿಯಮಗಳನ್ನು ಒಂದೊಂದಾಗಿ ಓದುತ್ತಾ ಹೋದ. ಮನೆಗೆ ಮಣ್ಣಿನ ಬಣ್ಣವೇ ಬಳಿಯಬೇಕು. ಹಿತ್ತಲಲ್ಲಿ ಕೋಳಿ ಸಾಕುವಂತಿಲ್ಲ. ಅಂಗಳದಲ್ಲಾಗಲಿ ತಾರಸಿಯಲ್ಲಾಗಲಿ ಏನನ್ನೂ ಒಣಹಾಕುವಂತಿಲ್ಲ.

ನನ್ನ ಕಿವಿ ನೆಟ್ಟಗಾಯಿತು. ಇನ್ನೊಮ್ಮೆ ಓದಿಸಿದೆ. ಬಟ್ಟೆಯಾಗಲಿ, ತಿಂಡಿಯಾಗಲಿ, ಯಾವುದೂ ಹೊರಗೆ ಕಾಣಬಾರದು. ಗಾಲ್ಫ್ ಆಡುವವರ ಕಣ್ಣಿಗೆ ಅಂದಗೇಡಂತೆ. ಲೋಕದಲ್ಲೇ ಒಣ ಜಾಗ, ಅಲ್ಲಿ ಹಪ್ಪಳ ಒಣಗಿಸಲು ಅಪ್ಪಣೆಯಿಲ್ಲ! ಅಕ್ಕನ ಗಂಡಾಂತರ ಕಳೆಯಿತು ಎಂದು ನಾನು ಕೈಚೀಲ ಎತ್ತಿಕೊಂಡು ಎದ್ದೆ.

ಭಾವ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.

ಲಿಫ್ಟಿನಲ್ಲಿ ಇಳಿಯುವಾಗ ನನಗೆ ತಡೆಯಲಾಗಲಿಲ್ಲ. ಹಪ್ಪಳವೇ ಒಣಗಿಸಲಾಗದ ಮೇಲೆ ಆ ಬಂಗಲೆ ಯಾಕೆ ಭಾವ ಎಂದು ಸಿಟ್ಟಿನಲ್ಲೇ ಕೇಳಿದೆ.

"ಹಪ್ಪಳಕ್ಕೆ ಯಾರಾದ್ರೂ ಮನೆ ತೆಗೊಳ್ತಾರಾ ಮಾರಾಯ್ತಿ?" ಎಂದರು. ಲಿಫ್ಟಿನ ಅಂಕಿಗಳನ್ನು ನೋಡುತ್ತಲೇ, "ಮದುವೆಯಾಗಿ ಬಂದಾಗ ನಿನ್ನಕ್ಕ ನಂಗೆ ಒಂದೇ ಉಸಿರಿಗೆ ಬೈತಿದ್ದಳು. ಈಗ ಎರಡು ಕಂತಲ್ಲಿ ಬೈತಾಳೆ. ಅದು ನಂಗೆ ಕೇಳ್ಲಿಕ್ಕೆ ಆಗುದಿಲ್ಲ" ಎಂದರು.

ಇಷ್ಟು ವರ್ಷ ನಾನು ನಗುತ್ತಾ ನೋಡಿದ್ದನ್ನೆಲ್ಲ ಆ ಲಿಫ್ಟು ಕೆಳಗೆ ಮುಟ್ಟುವುದರೊಳಗೆ ಮತ್ತೊಮ್ಮೆ ನೋಡಿದೆ.

ವರ್ಷದಲ್ಲಿ ಕೆಲವು ತಿಂಗಳು ಅಲ್ಲಿರುವುದೆಂದು ಮಾತಾಗಿ, ಆ ಚಳಿಗಾಲಕ್ಕೆ ಇಬ್ಬರೂ ಹೊರಟರು. ಹೋದ ಮೇಲೆ ಸುಮಾರು ದಿನ ಬಿಟ್ಟು ನಾನು ಒಂದು ಬೆಳಿಗ್ಗೆ ಫೋನ್ ಮಾಡಿದೆ. ಎತ್ತಿದವಳು ಅಕ್ಕ. ಹೇಗಿದ್ದೀಯ ಎಂದು ನಾನು ಕೇಳಿ ಮುಗಿಸುವ ಮೊದಲೇ ಶುರುವಾಯಿತು.

"ನಿಮ್ಮ ಭಾವನ್ ಕಥೆ ಕೇಳೇ ಹೊರಗಡೆ ಒಣಹಾಕ್ಬಾರ್ದು ಅಂದಿದ್ದಾರೆ ಗಾಡಿ ನಿಲ್ಲಿಸ್ಬಾರ್ದು ಅಂದಿಲ್ವಲ್ಲ ಅಂತ ಗಾಲ್ಫ್ ಆಡೋ ಗಾಡಿ ಒಂದು ತಂದು ಬಿಸಿಲಲ್ಲಿ ನಿಲ್ಸಿ ಅದರ ಸೀಟಿನ ತುಂಬ ಹಪ್ಪಳ ಹರವಿದ್ದಾರೆ ಕಾವಲುಗಾರ ಬಂದು ಕೇಳಿದ್ರೆ ಅವನಿಗೂ ಎರಡು ಕರಿದು ಕೊಟ್ಟು ಕಳಿಸಿದ್ದಾರೆ ನನ್ನ ಮಾನ ಮರ್ಯಾದೆ ಎಲ್ಲ ಈ ಮರಳಲ್ಲಿ ಹೂತುಹೋಯ್ತು!"

ಎಲ್ಲೂ ನಿಲ್ಲಲಿಲ್ಲ. ನಡುವೆ ಉಸಿರೆಳೆದುಕೊಳ್ಳಲಿಲ್ಲ. ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದೆ. ಲೈನಿನಲ್ಲಿದ್ದೀಯಾ ಎಂದು ಅಕ್ಕ ಬೈದಳು, ಅದೂ ನಿಲ್ಲದೆ. ಆಮೇಲೆ ಫೋನು ಕೈ ಬದಲಾಯಿಸಿತು.

"ಕೇಳಿತಾ?" ಎಂದರು ಭಾವ, ಮೆಲ್ಲಗೆ.

ಕೇಳಿತು ಭಾವ ಎನ್ನಬೇಕಿತ್ತು, ಅಷ್ಟೇ. ಆ ಎರಡು ಪದಗಳನ್ನು ಹೇಳುವುದಕ್ಕೆ ನನಗೆ ಎರಡು ಕಂತು ಬೇಕಾಯಿತು.